ಎಕ್ಸೆಲ್‌ನಲ್ಲಿ ಅವಿಭಾಜ್ಯ ಸಂಖ್ಯೆ: 2 ಮತ್ತು 3ರ ಕಿತಾಪತಿ

ಎಕ್ಸೆಲ್‌ನಲ್ಲಿ ಸಾಲದ ಕಂತು ಲೆಕ್ಕ ಹಾಕಲು ಫಂಕ್ಷನ್ ಇದೆ, ರೋಮನ್ ಅಂಕಿ ಬರೆಯಲೂ ಇದೆ. ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಹೇಳಲು ಮಾತ್ರ ಇಲ್ಲ. ಮಗಳಿಗೆ 1000ದವರೆಗಿನ ಪಟ್ಟಿ ಬೇಕಿತ್ತು, ಹಾಗಾಗಿ ನಾನೇ ಸೂತ್ರ ಕಟ್ಟಿದೆ.

ಮಾಡ್ ಅನ್ನುವ ಫಂಕ್ಷನ್ ಭಾಗಿಸಿದ ಮೇಲೆ ಉಳಿಯುವ ಶೇಷ ಕೊಡುತ್ತದೆ. 2ರಿಂದ ಶುರುಮಾಡಿ ವರ್ಗಮೂಲದವರೆಗೆ ಭಾಗಿಸಿ ನೋಡಿದರೆ ಸಾಕು. 91 ತಗೊಳ್ಳಿ. ನೋಡಲು ಅವಿಭಾಜ್ಯದ ಹಾಗೇ ಇದೆ ಅಲ್ವಾ? ವರ್ಗಮೂಲ 9.5 ಚಿಲ್ಲರೆ. 9ರವರೆಗೆ ಹೋಗಬೇಕು, 7ಕ್ಕೇ ಸಿಕ್ಕಿಬೀಳುತ್ತದೆ. ಅದರ ಜೋಡಿ 13ನ್ನು ಹುಡುಕಿಕೊಂಡು ಹೋಗಬೇಕಿಲ್ಲ.

ಈ ಭಾಜಕಗಳನ್ನೆಲ್ಲ ಒಂದೇ ಸೆಲ್‌ನೊಳಗೆ ತರಲು ಹಳೇ ಉಪಾಯ ಒಂದಿದೆ. "2:9" (2ರಿಂದ 9ನೇ ಸಾಲು) ಅನ್ನುವ ಪಠ್ಯವನ್ನು, ಪಠ್ಯವನ್ನೇ ಶೀಟಿನ ವಿಳಾಸವಾಗಿ ಓದುವ ಇಂಡೈರೆಕ್ಟ್ ಫಂಕ್ಷನ್‌ಗೆ ಕೊಟ್ಟು, ಅದನ್ನು ಸಾಲಿನ ನಂಬರ್ ಹೇಳುವ ರೋ ಫಂಕ್ಷನ್‌ಗೆ ಹಾಕುವುದು. ಶೀಟಿನ ಸಾಲಿನ ನಂಬರ್‌ಗಳೇ ಭಾಜಕಗಳಾಗುತ್ತವೆ. ಎಷ್ಟು ಸಲ ಶೇಷ ಸೊನ್ನೆ ಬಂತು ಅಂತ ಸಮ್‌ಪ್ರಾಡಕ್ಟ್ ಎಣಿಸುತ್ತದೆ. ಒಂದು ಸಲವೂ ಬರದಿದ್ದರೆ ಅವಿಭಾಜ್ಯ.

100ರೊಳಗೆ ಅವಿಭಾಜ್ಯ ಸಂಖ್ಯೆಗಳು 25, 1000ದೊಳಗೆ 168. ಸೂತ್ರವನ್ನು ಕೆಳಗಿನವರೆಗೂ ಎಳೆದು ಕೌಂಟಿಫ್‌ನಿಂದ ಎಣಿಸಿದರೆ 23, 166 ಬಂತು. ಎರಡೂ ಕಡೆ ಎರಡೇ ಕಮ್ಮಿ! ಅಂದರೆ ಎಡವಟ್ಟು 100ರೊಳಗೇ ಇದೆ. ಕಳ್ಳರು 2 ಮತ್ತು 3. ಇವುಗಳ ವರ್ಗಮೂಲದ ದಶಾಂಶ ಬಿಟ್ಟರೆ ಉಳಿಯುವುದು 1. ಆಗ ಪಠ್ಯ "2:1" ಆಗುತ್ತದೆ. ಎಕ್ಸೆಲ್ ತಕರಾರು ಮಾಡುವುದಿಲ್ಲ, ಸುಮ್ನೆ ತಿರುಗಿಸಿ "1:2" ಅಂತ ಓದಿಕೊಳ್ಳುತ್ತದೆ. 1ರಿಂದ ಯಾವ ಸಂಖ್ಯೆ ತಾನೇ ಭಾಗವಾಗುವುದಿಲ್ಲ? 1 ಕೂಡ ಇದೇ ದಾರಿಯಲ್ಲಿ ಬರುತ್ತದೆ, ಆದರೆ ಅದು ಹೇಗೂ ಅವಿಭಾಜ್ಯ ಅಲ್ಲವಾದ್ದರಿಂದ ಉತ್ತರ ಅದೃಷ್ಟಕ್ಕೆ ಸರಿಹೋಗುತ್ತದೆ. ಸೂತ್ರದ ಶುರುವಿಗೇ ಒಂದು ಇಫ್ (ಷರತ್ತು) ಹಾಕಿದೆ: ಸಂಖ್ಯೆ 4ಕ್ಕಿಂತ ಕಮ್ಮಿ ಇದ್ದರೆ, 1ಕ್ಕಿಂತ ಜಾಸ್ತಿಯಾ ಅಂತಷ್ಟೇ ನೋಡು. 25, 168 ಬಂತು.

ಹೊಸ ಆವೃತ್ತಿ ಇದ್ದವರು ಇಂಡೈರೆಕ್ಟ್ ಬಿಟ್ಟು, ಸಂಖ್ಯೆಗಳನ್ನು ಸಾಲಾಗಿ ತಾನೇ ಕೊಡುವ ಸೀಕ್ವೆನ್ಸ್ ಫಂಕ್ಷನ್ ಬಳಸಿ. ಶೀಟಿನಲ್ಲಿ ಎಲ್ಲೇ ಏನು ಮುಟ್ಟಿದರೂ ಇಂಡೈರೆಕ್ಟ್ ಮತ್ತೆ ಲೆಕ್ಕಕ್ಕೆ ಕೂರುತ್ತದೆ. ಸಾವಿರ ಸಾಲಿದ್ದರೆ ಶೀಟು ತೆವಳುತ್ತದೆ. ಸೀಕ್ವೆನ್ಸ್‌ಗೆ ಆ ಚಾಳಿ ಇಲ್ಲ. ಇಫ್ ಇದಕ್ಕೂ ಬೇಕು, ಆದರೆ ಇಫ್ ಮರೆತರೆ ಇದು 2 ಮತ್ತು 3ಕ್ಕೆ ನೇರವಾಗಿ ಎರರ್ ತೋರಿಸುತ್ತದೆ. ಸದ್ದಿಲ್ಲದೆ ತಪ್ಪು ಉತ್ತರ ಕೊಡುವುದಕ್ಕಿಂತ ಅದೇ ವಾಸಿ.

ತುಂಬಾ ದೊಡ್ಡ ಸಂಖ್ಯೆಗೆ ಇದರ ಗೋಜು ಬೇಡ. ಎಕ್ಸೆಲ್ 15 ಅಂಕಿ ಮಾತ್ರ ನೆನಪಿಟ್ಟುಕೊಳ್ಳುತ್ತದೆ. ಎಂಥಾ 16 ಅಂಕಿಯ ಅವಿಭಾಜ್ಯ ಸಂಖ್ಯೆ ಟೈಪ್ ಮಾಡಿದರೂ ಕೊನೇ ಅಂಕಿ ಸೊನ್ನೆಯಾಗಿ, ಅದು 10ರಿಂದ ಭಾಗವಾಗುತ್ತದೆ.