577005 ಅನ್ನೋ ಪಿನ್‌ಕೋಡನ್ನು ಬಿಡಿಸಿ ನೋಡೋದು ಹೇಗೆ

ದಾವಣಗೆರೆ ಬೈಪಾಸ್ ಕಡೆಗೆ ಕೊರಿಯರ್ ಕಳಿಸುವಾಗ ಕವರ್ ಮೇಲೆ 577005 ಅಂತ ಬರೆಯುತ್ತೇವೆ, ಬರೆದು ಮರೆಯುತ್ತೇವೆ. ಒಮ್ಮೆ ಅದನ್ನು ಬರೀ ಸಂಖ್ಯೆಯಾಗಿ ನೋಡಿ. ಪೆನ್ನು, ಹಾಳೆ ಸಾಕು. ಕ್ಯಾಲ್ಕುಲೇಟರ್ ಸದ್ಯಕ್ಕೆ ಪಕ್ಕಕ್ಕಿಡಿ.

ಸುಲಭದ್ದು ಮೊದಲು. ಕೊನೆಯ ಅಂಕಿ 5, ಹಾಗಾಗಿ ಇದು ಬೆಸ ಸಂಖ್ಯೆ, 5ರಿಂದ ಭಾಗ ಹೋಗುತ್ತದೆ. ಅಂಕಿಗಳನ್ನೆಲ್ಲ ಕೂಡಿದರೆ 24. ಅದು ಮೂರರ ಮಗ್ಗಿಯಲ್ಲಿದೆ, ಅಂದರೆ 3ರಿಂದಲೂ ಹೋಗುತ್ತದೆ. 9ರಿಂದ ಹೋಗಲ್ಲ.

ಮುಂದಿನದು ನನಗೆ ತುಂಬಾ ಇಷ್ಟ. 7, 11, 13 ಮೂರನ್ನೂ ಒಂದೇ ಸಲಕ್ಕೆ ಪರೀಕ್ಷಿಸಬಹುದು, ಯಾಕಂದರೆ 7 × 11 × 13 = 1001. ಸಂಖ್ಯೆಯನ್ನು 577 ಮತ್ತು 005 ಅಂತ ಒಡೆದು, ಒಂದರಿಂದ ಇನ್ನೊಂದನ್ನು ಕಳೆಯಿರಿ. ಸಿಗೋದು 572. ಇದು 4 × 11 × 13. ಸರಿ, 11 ಮತ್ತು 13 ಎರಡೂ ಸಿಕ್ಕವು. 572ನ್ನು 7ರಿಂದ ಭಾಗಿಸಿದರೆ 5 ಉಳಿಯುತ್ತದೆ, ಹಾಗಾಗಿ 7 ಇಲ್ಲ. ಇದು ಸುಮ್ನೆ ಬಾಯಿಪಾಠದ ಸೂತ್ರ ಅಲ್ಲ: 577ನ್ನು 1001ರಿಂದ ಗುಣಿಸಿದರೆ 577577, ನಮ್ಮ ಸಂಖ್ಯೆ ಅದಕ್ಕಿಂತ 572 ಕಡಿಮೆ. 577577 ಹೇಗೂ ಆ ಮೂರರಿಂದಲೂ ಭಾಗ ಹೋಗುತ್ತದೆ, ಇನ್ನು ನೋಡಬೇಕಾದ್ದು 572 ಒಂದೇ ಅಲ್ವಾ?

3 × 5 × 11 × 13 = 2145. ಇದರಿಂದ ಭಾಗಿಸಿದರೆ 269 ಬರುತ್ತದೆ. 17 × 17 = 289, ಅದು 269ನ್ನು ದಾಟಿತು. ಹಾಗಾಗಿ 13ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಯಾವುದರಿಂದಲೂ ಹೋಗಲ್ಲ. 269 ಅವಿಭಾಜ್ಯ.

ಇಷ್ಟು ಒಡೆದ ಮೇಲೆ ಉಳಿದದ್ದೆಲ್ಲ ತಾನಾಗೇ ಬರುತ್ತದೆ. ಐದು ಬೇರೆ ಬೇರೆ ಅವಿಭಾಜ್ಯಗಳು, ಒಂದೊಂದನ್ನೂ ತಗೋಬಹುದು ಅಥವಾ ಬಿಡಬಹುದು, ಹಾಗಾಗಿ ಭಾಜಕಗಳು 2 × 2 × 2 × 2 × 2 = 32. ಪಕ್ಕದ 577004ರಲ್ಲಿ ಹುಷಾರು. ಅದು 2 × 2 × 67 × 2153. ನಾಲ್ಕು ಇವೆ ಅಂತ 16 ಬರೆದರೆ ತಪ್ಪು. 2 ಎರಡು ಸಲ ಬಂದಿರೋದರಿಂದ ಅದನ್ನು ತಗೊಳ್ಳೋಕೆ ಮೂರು ದಾರಿ, 3 × 2 × 2 = 12.

577005ರ ಭಾಜಕಗಳ ಮೊತ್ತಕ್ಕೆ ಪ್ರತಿ ಅವಿಭಾಜ್ಯಕ್ಕೂ 1 ಕೂಡಿ ಗುಣಿಸಿ: 4 × 6 × 12 × 14 × 270 = 1088640. ಅದರಿಂದ 577005ನ್ನೇ ಕಳೆದರೆ 511635. ಮೂಲ ಸಂಖ್ಯೆಗಿಂತ ಕಡಿಮೆ, ಹಾಗಾಗಿ ಇದು ನ್ಯೂನ ಸಂಖ್ಯೆ. ಎರಡೂ ಒಂದೇ ಆಗಿದ್ದರೆ 6, 28ರ ಹಾಗೆ ಪರಿಪೂರ್ಣ ಸಂಖ್ಯೆ ಆಗುತ್ತಿತ್ತು. ಬೆಸ ಪರಿಪೂರ್ಣ ಸಂಖ್ಯೆ ಇವತ್ತಿನವರೆಗೂ ಯಾರಿಗೂ ಸಿಕ್ಕಿಲ್ಲ!

ದೇವಳಾಲಿಯ ಶಾಲಾ ಮೇಷ್ಟ್ರು ಕಾಪ್ರೇಕರ್ ಹೆಸರಿಟ್ಟ ಹರ್ಷದ್ ಸಂಖ್ಯೆ ಇದಲ್ಲ. ಅದಕ್ಕೆ ಅಂಕಿಗಳ ಮೊತ್ತದಿಂದಲೇ ಭಾಗ ಹೋಗಬೇಕು. ಬೆಸ ಸಂಖ್ಯೆ 24ರಿಂದ ಹೋಗಲ್ಲ.

ಚಿತ್ರದುರ್ಗದವರು 577501 ಹಿಡಿಯಿರಿ. 577 − 501 = 76, ಹಾಗಾಗಿ 7, 11, 13 ಯಾವುದೂ ಇಲ್ಲ. 760 × 760 = 577600 ಆಗೋದರಿಂದ 760ರ ಒಳಗಿನ ಅವಿಭಾಜ್ಯಗಳನ್ನು ನೋಡಿದರೆ ಸಾಕು. ನಾನು 127ರವರೆಗೆ ಭಾಗಿಸಿ ನೋಡಿದ್ದೇನೆ, ಒಂದೂ ಹೋಗಲಿಲ್ಲ. 131ರಿಂದ ಮುಂದೆ ನಿಮ್ಮದು.