ಗಂಟೆಗೆ 60 ರೂಪಾಯಿ ಕೊಡುವ ಹುಡುಗನಿಗೆ ಬರೆದ ಗೇಮ್ ವಿಮರ್ಶೆ

ಕಲಬುರಗಿಯ ಸೂಪರ್ ಮಾರ್ಕೆಟ್‌ನಿಂದ ಸ್ವಲ್ಪ ಒಳಗೆ, ಒಂದು ಮೊಬೈಲ್ ರಿಪೇರಿ ಅಂಗಡಿಯ ಮೇಲೆ ನನ್ನ ಗೇಮಿಂಗ್ ಸೆಂಟರ್ ಇದೆ. ಟಿವಿಗೆ ಜೋಡಿಸಿ ಗೇಮ್ ಆಡುವ ಯಂತ್ರ ಪಿಎಸ್5 ಎರಡು, ಮೂರು ಕಂಪ್ಯೂಟರ್, ಒಂದು ದೊಡ್ಡ ಕೂಲರ್. ಗಂಟೆಗೆ 60 ರೂಪಾಯಿ. ಬಾಗಿಲ ಪಕ್ಕದ ಗೋಡೆಯ ಮೇಲೆ ಕೈಯಿಂದ ಬರೆದ ಹಾಳೆಗಳನ್ನು ಅಂಟಿಸಿದ್ದೇನೆ. ಒಂದು ಗೇಮಿಗೆ ಒಂದು ಹಾಳೆ. ನಾನೇ ಬರೆಯುವ ವಿಮರ್ಶೆ, ಕನ್ನಡದಲ್ಲಿ.

ಇದು ಶುರುವಾಗಿದ್ದು ಒಬ್ಬ ಪಿಯುಸಿ ಹುಡುಗನಿಂದ. ಅವನ ಹತ್ತಿರ ಇದ್ದದ್ದೇ 60 ರೂಪಾಯಿ. "ಅಣ್ಣಾ, ಈ ಗೇಮ್ ಹ್ಯಾಂಗ ಅದ?" ಅಂತ ಕೇಳಿದ. "ಭಾರಿ ಛಲೋ ಅದ, ಕೂಡು" ಅಂದೆ. ಗೇಮ್ ಚೆನ್ನಾಗಿದ್ದದ್ದು ನಿಜ. ಆದರೆ ಅದು ನಿಧಾನಕ್ಕೆ ಕಾವೇರುವ ಗೇಮ್. ಮೊದಲ ಇಪ್ಪತ್ತೈದು ನಿಮಿಷ ಬರೀ ಕಥೆ, ಆಮೇಲೆ ಯಾವ ಬಟನ್ ಯಾಕೆ ಅಂತ ಕಲಿಸುವ ಪಾಠ. ಕೈಗೆ ಆಟ ಹತ್ತುವಷ್ಟರಲ್ಲಿ ಅವನ ಗಂಟೆ ಮುಗಿದಿತ್ತು. ಒಂದು ಮಾತೂ ಆಡದೆ ಎದ್ದು ಹೋದ. ಅವನ 60 ರೂಪಾಯಿ ಹಾಳಾಗಿದ್ದು ನನ್ನ "ಛಲೋ ಅದ" ಅನ್ನೋ ಮಾತಿನಿಂದ. ಅವತ್ತು ರಾತ್ರಿಯೇ ಮೊದಲ ಹಾಳೆ ಬರೆದೆ. ಅದರ ಮೊದಲ ಸಾಲು ಹೀಗಿತ್ತು: "ಮೊದಲ ಒಂದು ಗಂಟೆಯಲ್ಲಿ ಏನು ಸಿಗುತ್ತೆ." ಈಗಲೂ ಪ್ರತಿ ಹಾಳೆ ಶುರುವಾಗುವುದು ಅಲ್ಲಿಂದಲೇ.

ಮೊದಮೊದಲು ಹತ್ತಕ್ಕೆ ಇಷ್ಟು ಅಂತ ಅಂಕ ಕೊಡುತ್ತಿದ್ದೆ. ಬೇಗ ಬಿಟ್ಟೆ. ಇಸ್ಪೀಟಿನ ಗೇಮಿಗೂ ಎಂಟು, ಕತ್ತಿ ಬೀಸುವ ಗೇಮಿಗೂ ಎಂಟು ಅಂದರೆ ಓದುವವನಿಗೆ ಏನು ತಿಳಿಯುತ್ತೆ? ಸೇರಿನಲ್ಲಿ ಜೋಳ ಅಳೆಯಬಹುದು, ಬಟ್ಟೆ ಅಳೆಯೋಕೆ ಆಗಲ್ಲ ಅಲ್ವಾ. ಒಂದೊಂದು ಜಾತಿಯ ಗೇಮಿಗೆ ಒಂದೊಂದು ಅಳತೆ ಬೇಕು. ಆ ಅಳತೆ ನನಗೆ ಸಿಕ್ಕಿದ್ದು ನಾನು ಆಡಿದಾಗ ಅಲ್ಲ. ಬೇರೆಯವರು ಆಡುವಾಗ ಹಿಂದೆ ಕುರ್ಚಿ ಹಾಕಿಕೊಂಡು ಕೂತಾಗ.

ಕಷ್ಟದ ಗೇಮಿನ ಅಳತೆ ಸಿಕ್ಕಿದ್ದು 'ಹಾಲೋ ನೈಟ್: ಸಿಲ್ಕ್‌ಸಾಂಗ್' ಬಂದಾಗ. ಆಸ್ಟ್ರೇಲಿಯಾದ ಟೀಮ್ ಚೆರ್ರಿ ಅನ್ನೋ ಸಣ್ಣ ತಂಡ ಇದನ್ನು 2019ರಲ್ಲಿ ಘೋಷಿಸಿತ್ತು. ಕೈಗೆ ಬಂದಿದ್ದು 2025ರ ಸೆಪ್ಟೆಂಬರ್ 4ಕ್ಕೆ. ಅವತ್ತು ಕೊಳ್ಳುವವರ ನೂಕುನುಗ್ಗಲಿಗೆ ದೊಡ್ಡ ದೊಡ್ಡ ಆನ್‌ಲೈನ್ ಅಂಗಡಿಗಳೇ ಕುಸಿದು ಕೂತವು. ನಾನು ಮೂರು ಗಂಟೆ ಆಡಿ, ಆತುರದಲ್ಲಿ ಹಾಳೆ ಬರೆದು ಅಂಟಿಸಿಬಿಟ್ಟೆ: "ಅನ್ಯಾಯದ ಕಷ್ಟ. ಕೆಳಗೆ ಹೊಡೆದರೆ ಏಟು ಓರೆಯಾಗಿ ಹೋಗುತ್ತೆ. ಲೆಕ್ಕ ಸಿಗಲ್ಲ."

ವಾರದ ಮೇಲೆ ಒಬ್ಬ ಇಂಜಿನಿಯರಿಂಗ್ ಹುಡುಗ ದಿನಾ ಸಂಜೆ ಬಂದು ಅದನ್ನೇ ಆಡತೊಡಗಿದ. ಲಾಸ್ಟ್ ಜಡ್ಜ್ ಅನ್ನೋ ಬಾಸ್, ಅಂದರೆ ದೊಡ್ಡ ಶತ್ರುವಿನ ಹತ್ತಿರ ಸಿಕ್ಕಿಬಿದ್ದ. ಆ ಬಾಸ್ ಉರಿಯುವ ಧೂಪದ ಗುಂಡನ್ನು ಸರಪಳಿಗೆ ಕಟ್ಟಿ ಬೀಸುತ್ತೆ. ನಮ್ಮ ನಾಯಕಿ ಹಾರ್ನೆಟ್‌ಗೆ ಶುರುವಿನಲ್ಲಿ ಇರೋದು ಐದು ಮುಖವಾಡ, ಅಂದರೆ ಐದು ಪಾಲು ಜೀವ. ಈ ಗೇಮಿನ ಬಹಳ ಏಟುಗಳು ಒಂದೇ ಸಲಕ್ಕೆ ಎರಡು ಮುಖವಾಡ ತೆಗೆಯುತ್ತವೆ. ಮೂರನೇ ಏಟಿಗೆ ಸಾವು. ಸತ್ತರೆ ಮತ್ತೆ ಬೆಂಚಿನಿಂದ, ಅಂದರೆ ಕೊನೆಗೆ ಸೇವ್ ಆದ ಜಾಗದಿಂದ, ಗಾಳಿ ಬೀಸುವ ಕಲ್ಲುಗಳನ್ನು ಹತ್ತಿ, ಬಾಸ್ ಇರುವ ಬಾಗಿಲ ತನಕ ಬರಬೇಕು.

ನಾನು ನೋಟ್‌ಬುಕ್ ತೆಗೆದು ಎರಡು ಗೆರೆ ಎಳೆದೆ. ಅವನು ಸತ್ತಾಗಲೆಲ್ಲ ಒಂದೇ ಪ್ರಶ್ನೆ ಕೇಳಿದೆ: "ಯಾಕ ಸತ್ತಿ, ತಮ್ಮಾ?" ಉತ್ತರ ಗೊತ್ತಿದ್ದರೆ ಎಡಕ್ಕೆ ಗುರುತು, ಗೊತ್ತಿಲ್ಲದಿದ್ದರೆ ಬಲಕ್ಕೆ. ಎರಡು ಸಂಜೆಯಲ್ಲಿ 22 ಸಾವು. ಎಡಗಡೆ 19, ಬಲಗಡೆ 3. "ಜಲ್ದಿ ಹಾರಿದೆ." "ದುರಾಸಿ ಮಾಡಿ ಇನ್ನೊಂದ್ ಏಟು ಹೊಡೆಯಲಾಕ ಹೋದೆ." "ಸರಪಳಿ ಹಿಂದ ಬರ್ತದಂತ ಮರ್ತಿದ್ದೆ." ಬಹುತೇಕ ಪ್ರತಿ ಸಲ ಅವನಿಗೆ ತನ್ನ ತಪ್ಪು ಗೊತ್ತಿತ್ತು. ಅಂದರೆ ಗೇಮ್ ಮೋಸ ಮಾಡುತ್ತಿರಲಿಲ್ಲ, ಕಲಿಸುತ್ತಿತ್ತು. ಕೊನೆಗೆ ಬಾಸನ್ನು ಕೆಡವಿದ. ಆದರೆ ಆ ಬಾಸ್ ಸತ್ತ ಮೇಲೂ ಸಿಡಿಯುತ್ತೆ. ಅದು ಗೊತ್ತಿಲ್ಲದೆ ಪಕ್ಕದಲ್ಲೇ ನಿಂತಿದ್ದ. ಒಂದೇ ಮುಖವಾಡ ಉಳಿದಿತ್ತು, ಪುಣ್ಯಕ್ಕೆ ಕೈ ತಾನಾಗಿಯೇ ಹಿಂದಕ್ಕೆ ಹಾರಿಸಿತು. ಅವನ ಹೆಬ್ಬೆರಳು ಆಮೇಲೂ ನಡುಗುತ್ತಿತ್ತು.

ನನ್ನ ಹಳೇ ಹಾಳೆಯನ್ನು ಅವತ್ತೇ ಕಿತ್ತು ಹಾಕಿದೆ. ಓರೆ ಏಟಿನ ಬಗ್ಗೆಯೂ ನಾನು ಅರ್ಧ ತಿಳಿದು ಬರೆದಿದ್ದೆ. ಹೊಡೆಯುವ ರೀತಿಯನ್ನೇ ಬದಲಿಸುವ ವಾಂಡರರ್ ಕ್ರೆಸ್ಟ್ ಅನ್ನೋ ಲಾಂಛನ ಹುಡುಕಿಕೊಂಡರೆ ಏಟು ನೇರ ಕೆಳಕ್ಕೇ ಬೀಳುತ್ತೆ. ಅದೂ ಅಲ್ಲದೆ, ಶುರುವಿನ ಒಂದೆರಡು ಬಾಸ್‌ಗಳನ್ನು ತಂಡದವರು ಆಮೇಲೆ ಪ್ಯಾಚ್, ಅಂದರೆ ಗೇಮನ್ನು ತಿದ್ದುವ ಅಪ್‌ಡೇಟ್ ಕೊಟ್ಟು ಸ್ವಲ್ಪ ಸುಲಭ ಮಾಡಿದರು. ಹಾಗಾಗಿ ಈಗ ಹಾಳೆಯ ಮೂಲೆಯಲ್ಲಿ ಮೂರು ವಿಷಯ ಬರೆಯುತ್ತೇನೆ: ಎಷ್ಟು ಗಂಟೆ ಆಡಿದೆ, ಯಾವ ತಾರೀಖು, ಯಾವ ಪ್ಯಾಚ್. 2020ರ ಡಿಸೆಂಬರ್‌ನಲ್ಲಿ ಬಂದ 'ಸೈಬರ್‌ಪಂಕ್ 2077' ಬೇರೆ, ಮೂರು ವರ್ಷ ರಿಪೇರಿ ಆದ ಮೇಲಿನದು ಬೇರೆ. ತಾರೀಖು ಇಲ್ಲದ ವಿಮರ್ಶೆಯನ್ನು ನಾನು ಈಗ ನಂಬಲ್ಲ.

ಇಸ್ಪೀಟಿನ ಗೇಮಿನ ಕಥೆಯೇ ಬೇರೆ. 'ಬಲಾಟ್ರೋ' 2024ರ ಫೆಬ್ರವರಿಯಲ್ಲಿ ಬಂತು. ಕೆನಡಾದ ಒಬ್ಬನೇ ಒಬ್ಬ ಮನುಷ್ಯ ಮಾಡಿದ ಗೇಮ್. ಒಂದು ದಿನ ಒಬ್ಬ ಹುಡುಗನ ಅಪ್ಪ ಮೆಟ್ಟಿಲು ಹತ್ತಿ ಬಂದರು. ಪರದೆ ಮೇಲೆ ಎಕ್ಕ, ರಾಜ, ರಾಣಿ ನೋಡಿ ಮುಖ ಕೆಂಪಾಯಿತು. "ಏನ್ರಿ, ಹುಡುಗ್ರಿಗಿ ಇಸ್ಪೀಟ್ ಆಡಸ್ತೀರೇನು?" ಅವರ ಸಿಟ್ಟಿನಲ್ಲಿ ತಪ್ಪೇನೂ ಇರಲಿಲ್ಲ. ಮೊಬೈಲ್‌ನಲ್ಲಿ ದುಡ್ಡಿನ ಆಟ ಆಡಿ ಹಾಳಾದ ಮನೆಗಳನ್ನು ನಾವೆಲ್ಲ ಕಂಡವರೇ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಹಣದ ಆಟ ನಿಷೇಧಿಸುವ ಕಾನೂನನ್ನೇ ತಂದಿತು. "ಕಾಕಾ, ಐದು ನಿಮಿಷ ಕೂಡ್ರಿ, ನೀವೇ ನೋಡ್ರಿ" ಅಂದೆ.

ಅವರು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುವವರು. ನಾನು ಲೆಕ್ಕದಿಂದಲೇ ಶುರು ಮಾಡಿದೆ. ಜೋಡಿ ಹಾಕಿದರೆ ಮೂಲದಲ್ಲಿ 10 ಚಿಪ್ಸ್, ಅಂದರೆ 10 ಅಂಕ, ಅದಕ್ಕೆ 2ರ ಗುಣಕ. ಎರಡು ಎಕ್ಕ ಹಾಕಿದರೆ ಒಂದೊಂದಕ್ಕೆ 11 ಸೇರಿ ಒಟ್ಟು 32. ಅದರ ಎರಡರಷ್ಟು 64. ಮೊದಲ ಸುತ್ತು ದಾಟಲು 300 ಬೇಕು. ಎಲೆ ಹಾಕಲು ಇರೋದು ನಾಲ್ಕೇ ಸಲ. ನಾನು ಮುಂದೆ ಹೇಳುವ ಮೊದಲೇ ಕಾಕಾ ಅಂದರು, "ನಾಕ್ ಸಲ ಹಾಕಿದ್ರೂ 256. ಮುಟ್ಟಂಗಿಲ್ಲ." ಆಗ ಒಂದು ಸಾದಾ ಜೋಕರ್ ತೋರಿಸಿದೆ. ಅದು ಗುಣಕಕ್ಕೆ 4 ಕೂಡಿಸುತ್ತೆ. 32ಕ್ಕೆ ಆರು ಪಟ್ಟು. "192!" ಅಂದರು. "ಎರಡೇ ಸಲದಾಗ ದಾಟ್ತದ." ಅಲ್ಲಿಗೆ ಗೇಮ್ ಅವರಿಗೆ ಅರ್ಥವಾಗಿತ್ತು. 150 ಜೋಕರ್‌ಗಳಿವೆ, ಕೈಯಲ್ಲಿ ಐದಕ್ಕೆ ಮಾತ್ರ ಜಾಗ, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಮಾರಬೇಕು ಅನ್ನೋದೇ ಆಟ. ನಿಜವಾದ ದುಡ್ಡು ಹಾಕುವುದೂ ಇಲ್ಲ, ಗೆಲ್ಲುವುದೂ ಇಲ್ಲ. ಯಾವ ಗೇಮ್ ಯಾವ ವಯಸ್ಸಿಗೆ ಅಂತ ಹೇಳುವ ಯುರೋಪಿನ ಪೆಗಿ ಸಂಸ್ಥೆಯೂ ಒಂದು ಹಂತದಲ್ಲಿ ಇದಕ್ಕೆ 18 ವರ್ಷದ ಗುರುತು ಹಾಕಿತ್ತು, 2025ರ ಫೆಬ್ರವರಿಯಲ್ಲಿ ಅದನ್ನು 12ಕ್ಕೆ ಇಳಿಸಿತು.

ಕಾಕಾಗೆ ನೆಮ್ಮದಿಯಾಯಿತು. ಆದರೆ ಅವರ ಒಂದು ಮಾತನ್ನು ನಾನು ಹಾಳೆಗೆ ಸೇರಿಸಿದೆ: "ರೊಕ್ಕ ಹೋಗಂಗಿಲ್ಲ, ಖರೆ. ಹೊತ್ತು ಹೋಗ್ತದಲ್ಲ?" ಅದು ನಿಜ. ಇನ್ನೊಂದು ಸುತ್ತು, ಇನ್ನೊಂದೇ ಸುತ್ತು ಅಂತ ಎರಡು ಗಂಟೆ ಹೋಗಿರುತ್ತೆ. ಇಂಥ ಗೇಮಿನ ಹಾಳೆಯಲ್ಲಿ ನಾನು ನೋಡೋದು ಇದನ್ನೇ: ಸೋತು ಎದ್ದಾಗ ಹುಡುಗ ಏನಾದರೂ ಹೊಸದು ಕಲಿತಿದ್ದಾನಾ, ಇಲ್ಲ ಸುಮ್ನೆ ಬಟನ್ ಒತ್ತುತ್ತಿದ್ದಾನಾ. ಬಲಾಟ್ರೋದಲ್ಲಿ ಮೊದಲ ಹತ್ತು ಗಂಟೆ ಕಲಿಕೆ ಇದೆ. ಆಮೇಲಿನದು ಅವರವರ ಮೇಲೆ.

'ವೆಂಬಾ' ಆಡುವಾಗ ಹಿಂದೆ ಕೂತವರು ನಮ್ಮ ಅವ್ವ. ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ ತಂದಿದ್ದರು. 2023ರಲ್ಲಿ ಬಂದ ಸಣ್ಣ ಗೇಮ್ ಇದು. ಕೆನಡಾಕ್ಕೆ ಹೋದ ತಮಿಳು ಕುಟುಂಬದ ಕಥೆ. ಆಟ ಅಂದರೆ ಅಡುಗೆ. ಅಮ್ಮ ಕೊಟ್ಟ ಪಾಕದ ಪುಸ್ತಕ ಹರಿದಿದೆ, ಅಕ್ಷರ ಅಳಿಸಿದೆ, ಉಳಿದದ್ದನ್ನು ನಾವು ಊಹಿಸಬೇಕು. ಮೊದಲ ಅಡುಗೆ ಇಡ್ಲಿ. ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತಾ ಎರಡು ಸಲ ಕೆಡಿಸಿದೆ. ಅವ್ವ ಹಿಂದಿನಿಂದ ಅಂದರು, "ತೂತು ಮುಚ್ಚಿದ್ರ ಮ್ಯಾಲಿನ ತಟ್ಟಿಗಿ ಉಗಿ ಎಲ್ಲಿಂದ ಬರಬೇಕಪಾ?" ಅವರ ಮಾತಿನಂತೆ ಇಟ್ಟೆ. ಇಡ್ಲಿ ಬೆಂದಿತು. ಜೀವನದಲ್ಲಿ ಕಂಟ್ರೋಲರ್ ಮುಟ್ಟದವರು ಆ ಗೇಮಿನ ಮೊದಲ ಒಗಟು ಬಿಡಿಸಿದ್ದರು. ಆಮೇಲೆ ಮಗ ಅಮ್ಮನ ಭಾಷೆಯಿಂದ ದೂರ ಹೋಗುವ ಭಾಗ ಬಂತು. ನಾನು ಒಂದೊಂದೇ ಸಾಲು ಕನ್ನಡದಲ್ಲಿ ಹೇಳುತ್ತಾ ಹೋದೆ. ಅವ್ವ ಊಟದ ಡಬ್ಬಿ ಮುಚ್ಚುವುದನ್ನೂ ಮರೆತು ಕೂತಿದ್ದರು.

ಇದಕ್ಕೆ "ಗೇಮ್ ಚಿಕ್ಕದು" ಅಂತ ದೂರು ಬರೆದವರನ್ನು ನೋಡಿದ್ದೇನೆ. ನನ್ನ ಹಾಳೆಯಲ್ಲಿ ಅದೇ ಹೊಗಳಿಕೆ: "ಒಂದೂವರೆ ಗಂಟೆ. 90 ರೂಪಾಯಿ. ಪೂರ್ತಿ ಕಥೆ. ಅಮ್ಮನನ್ನೂ ಕರೆತನ್ನಿ, ಅವರಿಂದ ದುಡ್ಡು ತಗೊಳ್ಳಲ್ಲ."

ಯಂತ್ರದ ತಪ್ಪನ್ನು ಗೇಮಿನ ತಲೆಗೆ ಕಟ್ಟಬಾರದು ಅಂತ ಕಲಿಸಿದ್ದು ಫ್ರಾನ್ಸಿನ 'ಕ್ಲೇರ್ ಆಬ್ಸ್ಕೂರ್: ಎಕ್ಸ್‌ಪೆಡಿಷನ್ 33'. 2025ರ ಏಪ್ರಿಲ್‌ನಲ್ಲಿ ಬಂದು, ಆ ವರ್ಷದ ದೊಡ್ಡ ಪ್ರಶಸ್ತಿ ಗೆದ್ದಿತು. ಕಥೆ ಎದೆಗೆ ತಾಕುವಂಥದ್ದು. ವರ್ಷಕ್ಕೊಮ್ಮೆ ಒಂದು ಸಂಖ್ಯೆ ಬರೆಯಲಾಗುತ್ತೆ, ಆ ವಯಸ್ಸಿನವರೆಲ್ಲ ಗಾಳಿಯಲ್ಲಿ ಕರಗಿಹೋಗುತ್ತಾರೆ. ಸಂಖ್ಯೆ ಪ್ರತಿ ವರ್ಷ ಒಂದೊಂದು ಇಳಿಯುತ್ತೆ. ಈಗ 33. ಆಡುವ ರೀತಿ ಪಗಡೆಯ ಹಾಗೆ, ನಿನ್ನ ಸರದಿ, ನನ್ನ ಸರದಿ. ಆದರೆ ಶತ್ರುವಿನ ಸರದಿಯಲ್ಲೂ ನಿಮ್ಮ ಕೈಗೆ ಕೆಲಸ ಇದೆ. ಏಟು ಬೀಳುವ ಕ್ಷಣಕ್ಕೆ ಸರಿಯಾಗಿ ಬಟನ್ ಒತ್ತಿದರೆ ಏಟನ್ನು ತಡೆದು ತಿರುಗಿಸಿ ಹೊಡೆಯಬಹುದು. ಬರೀ ತಪ್ಪಿಸಿಕೊಳ್ಳುವುದು ಸುಲಭ, ತಡೆಯುವುದು ಕಷ್ಟ.

ನನ್ನ ಎರಡನೇ ಟಿವಿಯಲ್ಲಿ ಆಡಿದ ಯಾರಿಗೂ ಆ ತಡೆ ಕೂಡಿಬರಲಿಲ್ಲ. ಮೊದಲ ಟಿವಿಯಲ್ಲಿ ಎಲ್ಲರಿಗೂ ಬರುತ್ತಿತ್ತು. ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ನೋಡಿದರೆ ಎರಡನೇ ಟಿವಿಯಲ್ಲಿ ಗೇಮ್ ಮೋಡ್ ಆಫ್ ಆಗಿತ್ತು. ಟಿವಿ ಚಿತ್ರವನ್ನು ತಿದ್ದಿ ತೀಡಿ ತೋರಿಸುವಷ್ಟರಲ್ಲಿ ಏಟು ಬಿದ್ದೇ ಹೋಗಿರುತ್ತಿತ್ತು. ಇನ್ನೊಂದು ಅಡ್ಡಿ ಕೂಲರ್ ಸದ್ದು. ಈ ಗೇಮಿನಲ್ಲಿ ಏಟಿನ ತಾಳ ಕಿವಿಗೆ ಕೇಳಬೇಕು. ಈಗ ಆ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಇದೆ: "ಹೆಡ್‌ಫೋನ್ ಕೇಳಿ ಇಸಕೊಳ್ಳಿ. ಮನೆಯಲ್ಲಿ ಆಡುವವರು ಟಿವಿಯ ಗೇಮ್ ಮೋಡ್ ಹಾಕಿ."

ನಮ್ಮೂರ ಬಿಸಿಲೂ ವಿಮರ್ಶೆಯೊಳಗೆ ಬರಲೇಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟುತ್ತೆ. ಎಸಿ ರೂಮಿನಲ್ಲಿ ಕೂತು ಬರೆದ ವಿಮರ್ಶೆಯ ಫ್ರೇಮ್ ಲೆಕ್ಕ, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಓಡುತ್ತೆ ಅನ್ನೋ ಲೆಕ್ಕ, ನಮಗೆ ಹೊಂದಲ್ಲ. 'ಬ್ಲ್ಯಾಕ್ ಮಿಥ್: ವುಕಾಂಗ್' ಗೇಮನ್ನು ಒಂದೇ ಕಂಪ್ಯೂಟರಿನಲ್ಲಿ, ಒಂದೇ ಸೆಟ್ಟಿಂಗ್ಸ್‌ನಲ್ಲಿ ಮಧ್ಯಾಹ್ನ ಮೂರಕ್ಕೂ ರಾತ್ರಿ ಹತ್ತಕ್ಕೂ ಆಡಿಸಿ ನೋಡಿದೆ. ಮಧ್ಯಾಹ್ನ ಗ್ರಾಫಿಕ್ಸ್ ಕಾರ್ಡ್ ಕಾದು ತಾನೇ ವೇಗ ಇಳಿಸಿಕೊಂಡಿತು. ಚಿತ್ರ ತಡವರಿಸಿತು. ರಾತ್ರಿ ಬೆಣ್ಣೆಯ ಹಾಗೆ ಓಡಿತು. ಕಂಪ್ಯೂಟರಿನಲ್ಲಿ 130 ಜಿಬಿ ಜಾಗ ಬೇಕು ಅನ್ನೋದನ್ನೂ ಬರೆದಿದ್ದೇನೆ. ದಿನಕ್ಕೆ ಎರಡು ಜಿಬಿ ಮೊಬೈಲ್ ಡೇಟಾ ನಂಬಿಕೊಂಡ ಹುಡುಗನಿಗೆ ಗ್ರಾಫಿಕ್ಸ್ ವರ್ಣನೆಗಿಂತ ಅದು ಮುಖ್ಯ. ಹುಡುಗರು ಇದನ್ನು "ಹನುಮಪ್ಪನ ಗೇಮ್" ಅಂತಲೇ ಕೇಳುತ್ತಾರೆ. ಇದು ಚೀನಾದ ಹಳೇ ಕಾದಂಬರಿ 'ಪಶ್ಚಿಮದ ಯಾತ್ರೆ'ಯ ಕಪಿರಾಜ ಸುನ್ ವುಕಾಂಗ್ ಕಥೆಯಿಂದ ಹುಟ್ಟಿದ್ದು ಅಂತ ನಾಲ್ಕು ಸಾಲು ಬರೆದೆ. ಶುರುವಿನಲ್ಲೇ ಒಂದು ದೊಡ್ಡ ತಲೆಯ ಭೂತ ಎದುರಾಗುತ್ತೆ. ಅದನ್ನು ಬಿಟ್ಟು ಮುಂದೆ ಹೋಗಿ, ಬಲ ಬಂದ ಮೇಲೆ ವಾಪಸ್ ಬರಬಹುದು. ಅದೊಂದು ಸಾಲು ಎಷ್ಟೋ ಜನರ ಗಂಟೆ ಉಳಿಸಿದೆ.

ಹಾಳೆಯ ಇನ್ನೊಂದು ಖಾಯಂ ಸಾಲು: "ಕರೆಂಟ್ ಹೋದರೆ?" ಇನ್ವರ್ಟರ್ ನನ್ನ ಹತ್ತಿರ ಇದೆ, ಎಲ್ಲರ ಮನೆಯಲ್ಲೂ ಇರಲ್ಲ. ಎಲ್ಲಿ ಸೇವ್ ಆಗುತ್ತೆ, ಎಷ್ಟು ಹಿಂದಕ್ಕೆ ಹೋಗುತ್ತೆ ಅಂತ ನಾನೇ ಪ್ಲಗ್ ಕಿತ್ತು ನೋಡಿ ಬರೆಯುತ್ತೇನೆ.

ಕ್ರಿಕೆಟ್, ಫುಟ್ಬಾಲ್ ಗೇಮ್‌ಗಳಿಗೆ ಅರ್ಧ ಹಾಳೆ ಸಾಕು. ಹೋದ ವರ್ಷದ್ದು ಇದ್ದವರು ಹೊಸದು ಕೊಳ್ಳಬೇಕಾ ಬೇಡವಾ, ಅಷ್ಟೇ ಪ್ರಶ್ನೆ. ಬಹಳ ಸಲ ಬೇಡ ಅಂತಲೇ ಬರೆದಿದ್ದೇನೆ. ಮೊಬೈಲ್‌ನ ಗುಂಡಿನ ಕಾಳಗದ ಗೇಮ್ ಬಿಜಿಎಂಐಗೆ ಹಾಳೆ ಬರೆಯಲ್ಲ. ಸೀಸನ್‌ಗೊಮ್ಮೆ ಬದಲಾಗುತ್ತೆ, ಹುಡುಗರಿಗೆ ಅದು ನನಗಿಂತ ಜಾಸ್ತಿ ಗೊತ್ತು. ಇಬ್ಬರು ಗೆಳೆಯರು ಬಂದರೆ 'ಸ್ಪ್ಲಿಟ್ ಫಿಕ್ಷನ್' ಹಾಳೆ ತೋರಿಸುತ್ತೇನೆ. ಅದನ್ನು ಒಬ್ಬರೇ ಆಡೋಕೆ ಬರಲ್ಲ. ಮನೆಯಲ್ಲಿ ಆನ್‌ಲೈನ್ ಆಡುವುದಾದರೆ ಒಬ್ಬರು ಕೊಂಡರೆ ಸಾಕು, ಇನ್ನೊಬ್ಬರಿಗೆ ಫ್ರೆಂಡ್ಸ್ ಪಾಸ್ ಪುಕ್ಕಟೆ.

ಹಾಳೆ ಬರೆಯುವಾಗ "ಅದ್ಭುತ", "ಸೂಪರ್", "ಕಷ್ಟ" ಈ ಮೂರು ಪದ ಬಳಸಬಾರದು ಅಂತ ನಿಯಮ ಹಾಕಿಕೊಂಡಿದ್ದೇನೆ. ಕಷ್ಟ ಅಂದರೆ ಎಲ್ಲಿ ಕಷ್ಟ, ಯಾರಿಗೆ ಕಷ್ಟ ಅಂತ ಬರೆಯಬೇಕು.

ಹೋದ ತಿಂಗಳು ಆ ಸಿಲ್ಕ್‌ಸಾಂಗ್ ಹುಡುಗ 'ಹೇಡಿಸ್ 2' ಬಗ್ಗೆ ತಾನೇ ಒಂದು ಹಾಳೆ ಬರೆದು ತಂದ. ಮೊದಲ ಸಾಲಿನಲ್ಲೇ "ಗೇಮ್ ಬಹಳ ಕಷ್ಟ ಅದ" ಅಂತ ಇತ್ತು. ನಾನು ಪೆನ್ಸಿಲ್‌ನಿಂದ ಕೆಳಗೆ ಗೆರೆ ಎಳೆದು "ಎಲ್ಲಿ?" ಅಂತ ಬರೆದು ವಾಪಸ್ ಕೊಟ್ಟೆ. ಮೂರು ದಿನ ಬರಲಿಲ್ಲ. ನಾಲ್ಕನೇ ದಿನ ಹೊಸ ಹಾಳೆ ತಂದ. ಅದರ ಹಿಂಬದಿಯಲ್ಲಿ ಎರಡು ಗೆರೆ, ಎಡಕ್ಕೊಂದು ಬಲಕ್ಕೊಂದು, ತುಂಬಾ ಗುರುತುಗಳು. ಅದನ್ನು ವೆಂಬಾ ಪಕ್ಕದಲ್ಲಿ ಅಂಟಿಸಿದ್ದೇನೆ, ಕೆಳಗೆ ಅವನ ಹೆಸರಿದೆ.