ಒಂದೂಕಾಲು ಗುಂಟೆ ಕೆಸರು

ನಾನು ತುಮಕೂರು ಜಿಲ್ಲೆಯವನು. ನಮ್ಮ ಕಡೆ ಬೋರ್‌ವೆಲ್ ಕೊರೆಸಿದರೆ ಎಷ್ಟು ಇಂಚು ನೀರು ಬಿತ್ತು ಅನ್ನೋದನ್ನು ಹುಟ್ಟಿದ ಮಗುವಿನ ತೂಕ ಹೇಳುವ ಹಾಗೆ ಊರಿಗೆಲ್ಲ ಹೇಳುತ್ತಾರೆ. ನೀರಿಲ್ಲದೆ ಬೆಳೆ ಒಣಗಿದ್ದು ಎಷ್ಟೋ ಸಲ ನೋಡಿದ್ದೇನೆ. ನೀರು ಜಾಸ್ತಿಯಾಗಿ ಕೊಳೆತಿದ್ದನ್ನು ನೋಡಲು ಇಂಗ್ಲೆಂಡಿಗೇ ಬರಬೇಕಾಯಿತು.

ಬೆಡ್‌ಫರ್ಡ್ ಹತ್ತಿರ ನಮ್ಮ ವಾಸ. ಇಲ್ಲಿ ಅಲಾಟ್‌ಮೆಂಟ್ ಅಂತ ಇರುತ್ತದೆ. ಮನೆಗೆ ಬೇಕಾದ ತರಕಾರಿ ಬೆಳೆದುಕೊಳ್ಳಲು ಊರಿನ ಕೌನ್ಸಿಲ್ ಬಾಡಿಗೆಗೆ ಕೊಡುವ ತುಂಡು ಜಮೀನು. ಜನ ಕೇಳಿದರೆ ಕೌನ್ಸಿಲ್ ಕೊಡಬೇಕು ಅಂತ 1908ರಿಂದ ಕಾಯ್ದೆಯೇ ಇದೆ. ಕೊಡುವುದು ಯಾವಾಗ ಅನ್ನೋದು ಬೇರೆ ಮಾತು. ಅಳತೆ ಇನ್ನೂ ಹಳೇ ಕಾಲದ ‘ರಾಡ್’ ಲೆಕ್ಕ. 10 ರಾಡ್ ಅಂದರೆ ಪೂರ್ತಿ ಪ್ಲಾಟ್, ಸುಮಾರು 250 ಚದರ ಮೀಟರ್. ನನಗೆ 2023ರ ಸೆಪ್ಟೆಂಬರ್‌ನಲ್ಲಿ ಅದರ ಅರ್ಧ ಸಿಕ್ಕಿತು. ನಮ್ಮ ಲೆಕ್ಕದಲ್ಲಿ ಒಂದೂಕಾಲು ಗುಂಟೆ.

ಸರದಿಯಲ್ಲಿ ಇನ್ನೂ ತುಂಬ ಜನ ಮುಂದಿದ್ದರು. ಆದರೂ ನನಗೆ ಬೇಗ ಸಿಕ್ಕಿತು. ಆಗಲೇ ಅನುಮಾನ ಬರಬೇಕಿತ್ತು, ಅಲ್ವಾ? ಮುಂದಿದ್ದವರೆಲ್ಲ ಬಂದು, ನೋಡಿ, ಬೇಡ ಅಂದಿದ್ದರು. ನಾನು ಹೋದಾಗ ನೆಲ ಹಚ್ಚಗಿತ್ತು. ಹಸಿರಿದ್ದರೆ ಮಣ್ಣು ಚೆನ್ನಾಗಿದೆ ಅಂದುಕೊಂಡೆ. ಆ ಹಸಿರು ಏನು ಅಂತ ಆಮೇಲೆ ಗೊತ್ತಾಯಿತು: ನೆಲಕ್ಕೆ ಅಂಟಿಕೊಂಡು ಹರಡುವ ಬಟರ್‌ಕಪ್, ಕುದುರೆ ಬಾಲದ ಹಾಗಿರುವ ಹಾರ್ಸ್‌ಟೇಲ್, ಕೆಳಗಿನ ಮೂಲೆಯಲ್ಲಿ ಜೊಂಡು. ಮೂರೂ ಜವುಗು ನೆಲವನ್ನು ಹುಡುಕಿಕೊಂಡು ಬರುವ ಕಳೆಗಳು.

ಅಕ್ಟೋಬರ್‌ನಲ್ಲಿ ಬಾಬೆಟ್ ಅನ್ನುವ ಬಿರುಗಾಳಿ ಮಳೆ ಬಂತು. ಮಾರನೇ ವಾರ ಹೋದರೆ ಪ್ಲಾಟಿನ ಕೆಳಗಿನ ಅರ್ಧ ಕನ್ನಡಿಯಂತೆ ಹೊಳೆಯುತ್ತಿತ್ತು. ಆಗ ತಾನೇ ಊರಿದ್ದ ಬೆಳ್ಳುಳ್ಳಿ ನೀರಿನಡಿ. ಒಂದೂ ಬದುಕಲಿಲ್ಲ. ಕಿತ್ತು ನೋಡಿದರೆ ಎಸಳು ಬೆಣ್ಣೆಯ ಹಾಗೆ ಬೆರಳಿಗೆ ಮೆತ್ತಿಕೊಂಡಿತು.

ಅಲ್ಲಿಂದ ಮುಂದಿನ ಆರು ತಿಂಗಳು ನಾನು ಮಾಡಿದ್ದೆಲ್ಲ ತಪ್ಪೇ. ದೊಡ್ಡ ತಪ್ಪು ಅಗೆದಿದ್ದು. ನವೆಂಬರ್‌ನಲ್ಲಿ ಒಂದು ಶನಿವಾರ ಮಳೆ ಬಿಟ್ಟಿತ್ತು. ಗುದ್ದಲಿ ಹಿಡಿದರೆ ಎಲ್ಲ ಸರಿಹೋಗುತ್ತದೆ ಅನ್ನುವ ರೈತನ ಮಗನ ಜಂಬ ನನ್ನದು. ಗಮ್‌ಬೂಟು ಹಾಕಿಕೊಂಡು ಅರ್ಧ ಪ್ಲಾಟು ತಿರುವಿ ಹಾಕಿದೆ. ಸಲಿಕೆ ಕೊಯ್ದ ಕಡೆಯೆಲ್ಲ ಮಣ್ಣು ಗಾರೆ ತೀಡಿದ ಹಾಗೆ ಮಿನುಗುತ್ತಿತ್ತು. ನೋಡಲು ಚೆಂದ ಇತ್ತು. ಆ ಮಿನುಗು ಅಂದರೆ ಮಣ್ಣಿನ ಸಂದುಗಳೆಲ್ಲ ಮುಚ್ಚಿಹೋದವು ಅಂತ ಅರ್ಥ. ಏಪ್ರಿಲ್‌ನಲ್ಲಿ ಒಣಗಿದಾಗ ಆ ಹೆಂಟೆಗಳು ಹಾರೆಗೂ ಒಡೆಯಲಿಲ್ಲ.

ಪಕ್ಕದ ಪ್ಲಾಟಿನಲ್ಲಿ ಇಟಲಿ ಮೂಲದ ಒಬ್ಬ ಹಿರಿಯರಿದ್ದಾರೆ. ಅವರ ತಂದೆ 1950ರ ದಶಕದಲ್ಲಿ ಇಲ್ಲಿನ ಇಟ್ಟಿಗೆ ಕಾರ್ಖಾನೆಗೆ ಕೆಲಸಕ್ಕೆ ಬಂದವರು. ಹಾಗೆ ಬಂದ ಇಟಲಿಯವರು ಬೆಡ್‌ಫರ್ಡ್ ತುಂಬ ಇದ್ದಾರೆ. ನನ್ನ ಹೆಂಟೆ ಒಂದನ್ನು ಕೈಯಲ್ಲಿ ಹಿಡಿದು ನೋಡಿ, ಇದನ್ನು ಸುಟ್ಟರೆ ಮನೆ ಕಟ್ಟಬಹುದು ಅಂದರು. ತಮಾಷೆ ಅಂದುಕೊಂಡೆ. ತಮಾಷೆಯಲ್ಲ. ನಮ್ಮ ಕಾಲ ಕೆಳಗಿರುವುದು ಆಕ್ಸ್‌ಫರ್ಡ್ ಕ್ಲೇ ಅನ್ನುವ ಜೇಡಿಮಣ್ಣು. ಸ್ವಲ್ಪ ದೂರದ ಸ್ಟೂವರ್ಟ್‌ಬಿಯಲ್ಲಿ ಇದೇ ಮಣ್ಣಿನಿಂದ 2008ರವರೆಗೂ ಇಟ್ಟಿಗೆ ಸುಡುತ್ತಿದ್ದರು. ಒಂದು ಕಾಲಕ್ಕೆ ಅದು ಪ್ರಪಂಚದಲ್ಲೇ ದೊಡ್ಡ ಇಟ್ಟಿಗೆ ಕಾರ್ಖಾನೆ ಅಂತ ಹೆಸರಾಗಿತ್ತು. ನಾನು ಮೂಲಂಗಿ ಬಿತ್ತಲು ಹೊರಟಿದ್ದು ಇಟ್ಟಿಗೆ ಗೂಡಿನ ಕಚ್ಚಾಮಾಲಿನಲ್ಲಿ.

ಎರಡನೇ ತಪ್ಪು ಮರಳು. ಮಣ್ಣು ಗಟ್ಟಿಯಿದ್ದರೆ ಮರಳು ಬೆರೆಸು ಅಂತ ಯಾರೋ ಹೇಳಿದರು, ಹತ್ತು ಚೀಲ ತಂದೆ. ಸುರಿದ ಮೇಲೆ ಕೂತು ಲೆಕ್ಕ ಹಾಕಿದೆ. ಅರ್ಧ ಅಡಿ ಆಳದ ಮಣ್ಣಿನ ಗುಣ ಬದಲಾಗಬೇಕಾದರೆ ಹೆಚ್ಚುಕಮ್ಮಿ ಅರ್ಧದಷ್ಟು ಮರಳೇ ಬೇಕು. ನನ್ನ ಒಂದೂಕಾಲು ಗುಂಟೆಗೆ ಸುಮಾರು 15 ಟನ್! ಹತ್ತು ಚೀಲ ಹಾಕಿದರೆ ಆಗುವುದು ಇನ್ನೂ ಗಟ್ಟಿ ಗಾರೆ ಅಷ್ಟೇ.

ಜಿಪ್ಸಂ ಹಾಕಲೋ ಅಂತಲೂ ಯೋಚಿಸಿದ್ದೆ. ತುಂಗಭದ್ರಾ ಅಚ್ಚುಕಟ್ಟಿನ ಚೌಳು ಮಣ್ಣಿಗೆ ಹಾಕುತ್ತಾರಲ್ಲ, ಆ ನೆನಪಿನಲ್ಲಿ. ಅಲ್ಲಿ ಮಣ್ಣಿಗೆ ಸೋಡಿಯಂ ಅಂಟಿಕೊಂಡಿರುತ್ತದೆ, ಜಿಪ್ಸಂ ಅದನ್ನು ಬಿಡಿಸುತ್ತದೆ. ಎರಡು ಲೋಟ ಮಳೆನೀರಲ್ಲಿ ಒಣಗಿದ ಮಣ್ಣಿನ ಚೂರು ಹಾಕಿದೆ, ಒಂದಕ್ಕೆ ಜಿಪ್ಸಂ ಬೆರೆಸಿದೆ. ಎರಡೂ ಒಂದೇ ಥರ ಇದ್ದವು. ಸುಮ್ನೆ ದುಡ್ಡು ದಂಡ ಅಂತ ಬಿಟ್ಟೆ. ಆ ವರ್ಷ ನಾನು ಮಾಡಿದ ಒಂದೇ ಬುದ್ಧಿವಂತಿಕೆ.

ನನಗೆ ಅರ್ಥವಾಗದ ವಿಷಯ ಒಂದಿತ್ತು. ಬೆಡ್‌ಫರ್ಡ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ತುಮಕೂರಿನ ಕಡೆಯೂ ಹೆಚ್ಚುಕಮ್ಮಿ ಅಷ್ಟೇ. ಅಷ್ಟೇ ಮಳೆಗೆ ಅಲ್ಲಿ ಬರ, ಇಲ್ಲಿ ಕೆರೆ ಹೇಗೆ? ಉತ್ತರ ಮೋಡದಲ್ಲಿಲ್ಲ. ನಮ್ಮ ಕಡೆ ಬಿದ್ದ ಮಳೆಯನ್ನು ಬಿಸಿಲು ನಾಲ್ಕು ದಿನದಲ್ಲಿ ಕುಡಿದುಬಿಡುತ್ತದೆ. ಇಲ್ಲಿ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಬಿಸಿಲೂ ಕುಡಿಯುವುದಿಲ್ಲ, ಗಿಡವೂ ಕುಡಿಯುವುದಿಲ್ಲ. ಬಿದ್ದಿದ್ದೆಲ್ಲ ನೆಲದಲ್ಲೇ. ಕೆಳಗೆ ಜೇಡಿ ಇದ್ದರೆ ಅದು ಹೋಗುವುದೆಲ್ಲಿಗೆ?

ಈ ಪ್ರಶ್ನೆಗೆ ದಾರಿ ಹೇಳಿದವರು ನಮ್ಮ ಮಾವ. ಅವರದು ಸಾಗರದ ಕಡೆ ಅಡಿಕೆ ತೋಟ. ವಿಡಿಯೋ ಕಾಲ್‌ನಲ್ಲಿ ನನ್ನ ಕೆಸರು ನೋಡಿ ಅವರಿಗೆ ಅಂಥ ಗಾಬರಿಯೇನೂ ಆಗಲಿಲ್ಲ. ಗೊಬ್ಬರ, ಮರಳು, ಜಿಪ್ಸಂ ಯಾವುದರ ಬಗ್ಗೆಯೂ ಮಾತಾಡಲಿಲ್ಲ. ಬಸಿಗಾಲುವೆ ಎಲ್ಲಿದೆ ಅಂತ ಕೇಳಿದರು. ಇಲ್ಲ ಅಂದೆ. ಹಾಗಾದರೆ ನೀರು ಯಾವ ಕಡೆ ಹೋಗಲು ನೋಡುತ್ತಿದೆ ಅಂತ ಕೇಳಿದರು. ಅದೂ ಗೊತ್ತಿಲ್ಲ ಅಂದೆ. ಮೊದಲು ಅದನ್ನು ನೋಡು, ಅಲ್ಲೀವರೆಗೆ ಮಣ್ಣಿಗೆ ಕಾಲಿಡಬೇಡ ಅಂದರು. ಮಲೆನಾಡಿನಲ್ಲಿ ನಮ್ಮ ಮೂರರಷ್ಟು, ನಾಲ್ಕರಷ್ಟು ಮಳೆ ಬಿದ್ದರೂ ಅಡಿಕೆ ಬೇರು ಕೊಳೆಯದೆ ನಿಂತಿರುವುದು ಸಾಲಿನ ನಡುವೆ ಅಜ್ಜಂದಿರು ತೆಗೆದ ಕಾಲುವೆಗಳಿಂದ. ಮದುವೆಯಾದ ಹೊಸತರಲ್ಲಿ ಆ ಕಾಲುವೆಗೆ ಎಡವಿ ಬಿದ್ದಿದ್ದೆ. ಅದು ಯಾಕಿದೆ ಅಂತ ಕೇಳಿರಲಿಲ್ಲ.

2024ರ ಜುಲೈನಲ್ಲಿ ಮೊದಲು ಗುಂಡಿ ತೆಗೆದೆ. ಒಂದೂವರೆ ಅಡಿ ಆಳ. ಮೇಲಿನ ಮುಕ್ಕಾಲು ಅಡಿ ಕಂದು ಮಣ್ಣು. ಅದರ ಕೆಳಗೆ ಚಪ್ಪಡಿ ಹಾಸಿದ ಹಾಗೆ ಒಂದು ಗಟ್ಟಿ ಪದರ. ಹಿಂದಿನವರು ವರ್ಷಾ ವರ್ಷ ಒಂದೇ ಆಳಕ್ಕೆ ಯಂತ್ರದಲ್ಲಿ ಉತ್ತು ಉತ್ತು ಆದದ್ದು. ಅದರಡಿ ಬೂದಿ ಬಣ್ಣದ ಮಣ್ಣು, ನಡುನಡುವೆ ತುಕ್ಕಿನ ಚುಕ್ಕೆ, ಮೂಗಿಗೆ ಕೊಳೆತ ಮೊಟ್ಟೆಯ ವಾಸನೆ. ಗಾಳಿಯಾಡದ ಕಡೆ ಮಣ್ಣಿನ ಕಬ್ಬಿಣ ಬಣ್ಣ ಕಳೆದುಕೊಂಡು ಬೂದಿಯಾಗುತ್ತದೆ. ಬೇರಿನ ಸಂದಿನಲ್ಲಿ ಚೂರು ಗಾಳಿ ಸಿಕ್ಕಿದ ಕಡೆ ಮಾತ್ರ ತುಕ್ಕು ಹಿಡಿಯುತ್ತದೆ. ಅಂದರೆ ಚಳಿಗಾಲದಲ್ಲಿ ನೀರು ಎಲ್ಲೀವರೆಗೆ ನಿಲ್ಲುತ್ತದೆ ಅನ್ನೋದನ್ನು ಮಣ್ಣೇ ಗೆರೆ ಎಳೆದು ಬರೆದಿಟ್ಟಿತ್ತು. ಗುಂಡಿಗೆ ನೀರು ತುಂಬಿಸಿ ಬಂದೆ. ಮಾರನೇ ದಿನ ನೋಡಿದರೆ ಎರಡು ಬೆರಳೂ ಇಳಿದಿರಲಿಲ್ಲ.

ಇಳಿಜಾರು ನೋಡಲು ಊರಲ್ಲಿ ಗಾರೆ ಕೆಲಸದವರು ಬಳಸುವ ನೀರಿನ ಮಟ್ಟದ ಪೈಪ್ ಉಪಾಯ ಮಾಡಿದೆ. ತೆಳ್ಳನೆ ಪಾರದರ್ಶಕ ಪೈಪಿಗೆ ನೀರು ತುಂಬಿ, ಒಂದು ತುದಿ ನಾನು, ಇನ್ನೊಂದು ತುದಿ ಹೆಂಡತಿ. ಇಟಲಿಯ ಹಿರಿಯರು ಬೇಲಿಯಾಚೆಯಿಂದ ನೋಡಿ ಇದೇನು ಮಾಟವೋ ಅನ್ನುವಂತೆ ನಿಂತಿದ್ದರು. 12 ಮೀಟರ್ ಉದ್ದಕ್ಕೆ 15 ಸೆಂಟಿಮೀಟರ್ ಇಳಿಜಾರು ಸಿಕ್ಕಿತು. ಕಣ್ಣಿಗೆ ಕಾಣದಷ್ಟು, ಆದರೆ ನೀರಿಗೆ ಸಾಕು. ಕೆಳಗಿನ ತುದಿಯ ಬೇಲಿಯ ಪಕ್ಕದಲ್ಲಿ ಹಳೇ ಚರಂಡಿಯೊಂದು ಮುಳ್ಳಿನ ಪೊದೆಯಲ್ಲಿ ಹೂತುಹೋಗಿತ್ತು. ಅಲಾಟ್‌ಮೆಂಟ್ ಸಮಿತಿಯ ಒಪ್ಪಿಗೆ ತೆಗೆದುಕೊಂಡು ನಾಲ್ಕು ಜನ ಸೇರಿ ಬಿಡಿಸಿದೆವು. ಒಳಗೆ ಹಳೇ ಕಾರ್ಪೆಟ್, ಒಡೆದ ಕುಂಡ, ಒಂದು ಸೈಕಲ್ ಚಕ್ರ. ಒಪ್ಪಿಗೆ ಯಾಕೆ ಅಂದರೆ ನಮ್ಮ ನೀರನ್ನು ಪಕ್ಕದವರ ಮೂಲಂಗಿಗೆ ಬಿಡುವ ಹಾಗಿಲ್ಲ. ಜಗಳಕ್ಕೆ ಅದಕ್ಕಿಂತ ಸುಲಭದ ದಾರಿ ಬೇರೆ ಇಲ್ಲ, ಅದು ಬೆಡ್‌ಫರ್ಡ್ ಆಗಲಿ ತುಮಕೂರಾಗಲಿ.

ಆಗಸ್ಟ್‌ನಲ್ಲಿ ಕಾಲುವೆ ತೆಗೆದೆ. ಒಂದೂವರೆ ಅಡಿ ಆಳ, ಒಂದಡಿ ಅಗಲ. ಪೈಪು, ಜಲ್ಲಿ ಏನೂ ಇಲ್ಲ, ತೆರೆದ ಕಾಲುವೆ. ತೆಗೆದ ಮೇಲ್ಮಣ್ಣನ್ನು ಎರಡೂ ಪಕ್ಕಕ್ಕೆ ಹಾಕಿ ನಾಲ್ಕಡಿ ಅಗಲದ ಏರುಮಡಿ ಮಾಡಿದೆ. ಬೂದಿ ಮಣ್ಣನ್ನು ಮೇಲೆ ತರಲಿಲ್ಲ. ಗಟ್ಟಿ ಪದರವನ್ನು ಮುಳ್ಳುಗುದ್ದಲಿ ಊರಿ, ಹಿಂದಕ್ಕೆ ಸ್ವಲ್ಪ ಅಲುಗಿಸಿ ಬಿರುಕು ಬಿಡಿಸಿದೆ, ತಿರುವಲಿಲ್ಲ. ಮಡಿಗಳ ನಡುವಿನ ದಾರಿಗೆ ಮರದ ಚಕ್ಕೆ ಸುರಿದೆ. ಅಂದಿನಿಂದ ಮಡಿಯ ಮೇಲೆ ಯಾರೂ ಕಾಲಿಟ್ಟಿಲ್ಲ. ಮಗಳು ಒಂದು ಸಲ ಇಟ್ಟಳು, ಆ ಹೆಜ್ಜೆಯಲ್ಲಿ ತಿಂಗಳುಗಟ್ಟಲೆ ನೀರು ನಿಂತಿತ್ತು.

ಗೊಬ್ಬರದ ಸರದಿ ಆಮೇಲೆ. ಕುದುರೆ ಲಾಯದಿಂದ ಲದ್ದಿ ಸಿಕ್ಕಿತು, ಬಿಟ್ಟಿ. ಆದರೆ ಇಲ್ಲಿ ಒಂದು ಅಪಾಯವಿದೆ. ಹುಲ್ಲುಗಾವಲಿಗೆ ಹೊಡೆಯುವ ಅಮಿನೋಪೈರಾಲಿಡ್ ಅನ್ನುವ ಕಳೆನಾಶಕ ಕುದುರೆ ಹೊಟ್ಟೆಯನ್ನೂ ದಾಟಿ ಗೊಬ್ಬರದಲ್ಲಿ ಉಳಿಯುತ್ತದೆ. ಅದಕ್ಕೇ ಮೊದಲು ಎರಡು ಕುಂಡದಲ್ಲಿ ಆ ಗೊಬ್ಬರ ಬೆರೆಸಿ ಬ್ರಾಡ್ ಬೀನ್ಸ್ ಹಾಕಿದೆ. ಮೂರು ವಾರ ಕಾದೆ. ಎಲೆ ಮುದುರಿಕೊಂಡಿದ್ದರೆ ಅಷ್ಟೂ ವಾಪಸ್. ಮುದುರಲಿಲ್ಲ. ಮಡಿಯ ಮೇಲೆ ರಟ್ಟು ಹಾಸಿ, ಅದರ ಮೇಲೆ ಲದ್ದಿ, ಅದರ ಮೇಲೆ ತರಗೆಲೆ. ಮಣ್ಣಿಗೆ ಬೆರೆಸಲಿಲ್ಲ. ಬೆರೆಸುವ ಕೆಲಸ ಎರೆಹುಳುವಿಗೆ ಬಿಟ್ಟೆ. ಮಾವನ ತೋಟಕ್ಕೆ ಸೊಪ್ಪು ಹಾಸಿದ ಹಾಗೇ ಕಾಣುತ್ತಿತ್ತು, ಫೋಟೋ ನೋಡಿ ಅವರಿಗೂ ಖುಷಿ.

ಒಂದು ಮಡಿಗೆ ಮಾತ್ರ ಗೊಬ್ಬರ ಸಾಲಲಿಲ್ಲ. ಅಲ್ಲಿಗೆ ಇಂಡಿಯನ್ ಅಂಗಡಿಯ ಅಡುಗೆ ಮೆಂತ್ಯ ಒಂದು ಪ್ಯಾಕೆಟ್ ಚೆಲ್ಲಿದೆ. ಇಲ್ಲಿನ ಬೀಜದ ಕಂಪನಿಗಳು ಇದೇ ಮೆಂತ್ಯವನ್ನು ಹಸಿರೆಲೆ ಗೊಬ್ಬರ ಅಂತ ಪುಟ್ಟ ಪೊಟ್ಟಣದಲ್ಲಿ ಮಾರುತ್ತಾರೆ! ಅರ್ಧ ಕಿತ್ತು ರೊಟ್ಟಿಗೆ ಹಾಕಿದೆವು. ಉಳಿದದ್ದು ಹಿಮಕ್ಕೆ ಸತ್ತು ಮಣ್ಣಿಗೇ ಸೇರಿತು.

2024ರ ಸೆಪ್ಟೆಂಬರ್ ಕೊನೆಗೆ ಪರೀಕ್ಷೆ ಬಂದೇ ಬಂತು. ಬೆಡ್‌ಫರ್ಡ್‌ಶೈರ್ ಯಾವ ಸೆಪ್ಟೆಂಬರ್‌ನಲ್ಲೂ ಅಂಥ ಮಳೆ ಕಂಡಿರಲಿಲ್ಲ. ಮಾರ್ಸ್ಟನ್ ಮೊರ್ಟೇನ್ ಹತ್ತಿರ ಎ421 ಹೆದ್ದಾರಿ ಕೆರೆಯಾಗಿ ದಿನಗಟ್ಟಲೆ ಮುಚ್ಚಿತ್ತು. ಮಳೆ ಬಿಟ್ಟ ಮರುದಿನ ನಡೆದೇ ಹೋದೆ. ಕಾಲುವೆ ತುಂಬಿ ಟೀ ಬಣ್ಣದ ನೀರು ಬೇಲಿಯ ಕಡೆ ಹರಿಯುತ್ತಿತ್ತು. ಮಡಿಗಳು ಸಾಲಾಗಿ ಎಮ್ಮೆಯ ಬೆನ್ನಿನ ಹಾಗೆ ಮೇಲೆ ನಿಂತಿದ್ದವು. ಹರಿಯುವ ಸದ್ದು ಕೇಳುತ್ತಾ ಎಷ್ಟು ಹೊತ್ತು ನಿಂತೆನೋ. ನೀರು ಹೊರಗೆ ಹೋಗುವುದನ್ನು ನೋಡಿ ತುಮಕೂರಿನವನೊಬ್ಬ ಖುಷಿಪಟ್ಟ ಅಂದರೆ ನಮ್ಮೂರಲ್ಲಿ ಯಾರೂ ನಂಬುವುದಿಲ್ಲ.

ಈಗ ಮಣ್ಣು ಮುಟ್ಟುವ ಮುಂಚೆ ಒಂದು ಹಿಡಿ ತೆಗೆದು ಉಂಡೆ ಕಟ್ಟುತ್ತೇನೆ. ಸೊಂಟದ ಎತ್ತರದಿಂದ ಬಿಡುತ್ತೇನೆ. ಮುದ್ದೆಯ ಹಾಗೆ ಚಪ್ಪಟೆಯಾದರೆ ಮನೆಗೆ ವಾಪಸ್. ಪುಡಿಪುಡಿಯಾಗಿ ಒಡೆದರೆ ಹದ ಬಂದಿದೆ ಅಂತ. ಈ ‘ಹದ’ ಅನ್ನುವ ಮಾತು ಅಪ್ಪನ ಬಾಯಲ್ಲಿ ಸಾವಿರ ಸಲ ಕೇಳಿದ್ದೇನೆ. ಅಲ್ಲಿ ಹದ ಆರಿಹೋಗುತ್ತೆ, ಓಡು, ಬಿತ್ತು ಅನ್ನುವ ಅವಸರ. ಇಲ್ಲಿ ಹದ ಇನ್ನೂ ಬಂದಿಲ್ಲ, ಕೂತ್ಕೋ ಅನ್ನುವ ಕಾಯುವಿಕೆ. ಮೊದಲ ವರ್ಷ ನಾನು ಊರಿನ ಅವಸರವನ್ನು ಇಲ್ಲಿನ ಕೆಸರಿಗೆ ತಂದಿದ್ದೆ, ಅಷ್ಟೇ ಆಗಿದ್ದು.

2025ರ ವಸಂತದಲ್ಲಿ ಇಂಗ್ಲೆಂಡಿಗೆ ನೂರು ವರ್ಷಕ್ಕೂ ಮೇಲ್ಪಟ್ಟು ಕಾಣದ ಒಣಹವೆ ಬಂತು. ಜೇಡಿಮಣ್ಣು ಬಿರುಕು ಬಿಟ್ಟು ಪಕ್ಕದವರ ಪ್ಲಾಟಿನಲ್ಲಿ ಕೈ ಇಳಿಯುವಷ್ಟು ಸಂದಾಯಿತು. ನನ್ನ ಮಡಿಯಲ್ಲಿ ತರಗೆಲೆ ಸರಿಸಿದರೆ ತಣ್ಣಗಿತ್ತು. ಆದರೂ ಏಪ್ರಿಲ್‌ನಲ್ಲೇ ಕಾಲುವೆಯ ಬಾಯಿಗೆ ಹಲಗೆ ಇಟ್ಟು ಮುಚ್ಚಿದೆ, ಬಿದ್ದ ಹನಿಯಾದರೂ ಉಳಿಯಲಿ ಅಂತ. ಬ್ರಾಡ್ ಬೀನ್ಸ್, ಕೇಲ್, ಕುಂಬಳ ಚೆನ್ನಾಗಿ ಬಂದವು. ದಂಟಿನ ಸೊಪ್ಪು ನಮ್ಮೂರಿನ ಹಾಗೇ ಬಂತು. ಅವರೆ ಮಾತ್ರ ಬಳ್ಳಿಯಾಗಿ ಹಬ್ಬಿ ಹೂ ಬಿಡಲೇ ಇಲ್ಲ. ಅದಕ್ಕೆ ಹಗಲು ಚಿಕ್ಕದಾಗಬೇಕು, ಇಲ್ಲಿ ಹಗಲು ಚಿಕ್ಕದಾಗುವಷ್ಟರಲ್ಲಿ ಹಿಮ ಬರುತ್ತದೆ. ಮಣ್ಣಿನ ತಪ್ಪಲ್ಲ.

ಕೆಳಗಿನ ಜೊಂಡಿನ ಮೂಲೆ ಇನ್ನೂ ಹಾಗೇ ಇದೆ. ಎರಡು ಸಲ ಪ್ರಯತ್ನಿಸಿ ಬಿಟ್ಟುಕೊಟ್ಟೆ. ಈಗ ಅಲ್ಲಿ ಒಂದು ಬಾನಿಯಷ್ಟು ಹೊಂಡ ಇದೆ, ಕಪ್ಪೆಗಳು ಬಂದು ಸೇರಿಕೊಂಡಿವೆ. 2024ರಲ್ಲಿ ನನ್ನ ಆಲೂಗಡ್ಡೆಯನ್ನೆಲ್ಲ ತಿಂದುಹಾಕಿದ್ದ ಲೋಳೆಹುಳುಗಳನ್ನು ಅವು ತಿನ್ನುತ್ತವೆ. ಹೋದ ಅಕ್ಟೋಬರ್‌ನಲ್ಲಿ ಮೊದಲ ಜಡಿಮಳೆ ಶುರುವಾದ ಸಂಜೆ ಟಾರ್ಚ್ ಹಿಡಿದು ಹೋಗಿ ಹಲಗೆ ತೆಗೆದೆ. ನೀರು ಒಂದು ಗಳಿಗೆ ತಡೆದು, ಆಮೇಲೆ ಹೊರಟಿತು. ಹೊಂಡದ ಕಡೆಯಿಂದ ಒಂದು ಕಪ್ಪೆ ವಟಗುಟ್ಟಿತು.